ಭಾಲ್ಕಿಯಲ್ಲಿ ನಾನು ಮುಕಾದಮನಾದ ಎರಡು ದಿನ

ನಟನಾಗಿ ಕೆಟ್ಟದಾಗಿ ಮಾಡಿದ ಕೆಲಸಗಳ ಬಗ್ಗೆ ನನಗೆ ನಾಚಿಕೆಯಿಲ್ಲ. ಅಂಥವು ಬೇಕಾದಷ್ಟಿವೆ, ಕೇಳಿದವರಿಗೆ ನಾನೇ ನಗುತ್ತ ಹೇಳುತ್ತೇನೆ. ನಾಚಿಕೆಯಿರುವುದು ತುಂಬ ಚೆನ್ನಾಗಿ ಮಾಡಿದ ಒಂದು ಕೆಲಸದ ಬಗ್ಗೆ. ಇಷ್ಟು ವರ್ಷ ಇದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಲು ಹೊರಟಾಗೆಲ್ಲ ನನಗೆ ಅನುಕೂಲವಾದ ಜಾಗದಲ್ಲಿ ನಿಲ್ಲಿಸಿಬಿಡುತ್ತಿದ್ದೆ.

ಆಗ ನಾನು ಟಿ.ವಿ.ಯ ಒಂದು ಕುಚೇಷ್ಟೆ ಕಾರ್ಯಕ್ರಮದಲ್ಲಿದ್ದೆ. ಕ್ಯಾಮೆರಾ ಬಚ್ಚಿಟ್ಟು, ವೇಷ ಹಾಕಿಕೊಂಡು, ದಾರಿಹೋಕರನ್ನು ಪೇಚಿಗೆ ಸಿಕ್ಕಿಸಿ, ಕೊನೆಗೆ ‘ಅಲ್ಲಿ ನೋಡಿ, ಕ್ಯಾಮೆರಾ’ ಎಂದು ಕೈ ತೋರಿಸುವ ಕಾರ್ಯಕ್ರಮ. ಸಿನಿಮಾದಲ್ಲಿ ನನಗೆ ಸಿಗುತ್ತಿದ್ದುದು ನಾಯಕನ ಗೆಳೆಯನಾಗಿ ಕೆನ್ನೆಗೆ ಏಟು ತಿನ್ನುವ ಪಾತ್ರ. ಟಿ.ವಿ.ಯಲ್ಲಿ ಮಾತ್ರ ಇಡೀ ಅರ್ಧ ಗಂಟೆ ನನ್ನದು. ನಮ್ಮ ನಿರ್ದೇಶಕ ಬೆಂಗಳೂರಿನವನು, ನನಗಿಂತ ಚಿಕ್ಕವನು, ಕೆಲಸದಲ್ಲಿ ಪಕ್ಕಾ. ಪ್ರತಿ ಕುಚೇಷ್ಟೆಗೂ ಮೂರು ಮೆಟ್ಟಿಲು ಬೇಕು ಎನ್ನುತ್ತಿದ್ದ. ಮೊದಲು ಎದುರಿನವರು ನಂಬಬೇಕು, ಆಮೇಲೆ ಅವರಿಗೆ ಅನುಮಾನ ಬರಬೇಕು, ಮೂರನೆಯದಕ್ಕೆ ಸಿಟ್ಟು ನೆತ್ತಿಗೇರಬೇಕು. ಆಗ ಕ್ಯಾಮೆರಾ ತೋರಿಸಿದರೆ ಮನುಷ್ಯ ಪೆಚ್ಚಾಗಿ ನಗುತ್ತಾನೆ. ಆ ಪೆಚ್ಚು ನಗುವಿಗಾಗಿಯೇ ನಾವು ವ್ಯಾನು ಕಟ್ಟಿಕೊಂಡು ಊರೂರು ಅಲೆಯುತ್ತಿದ್ದೆವು.

ಒಂದು ದಿನ ಅವನು, ‘ಈ ಸಲ ನಿಮ್ಮ ಕಡೆ ಹೋಗೋಣ. ನಿಮ್ಮ ಭಾಷೆ ಕೇಳಿದ್ರೇ ಇಲ್ಲಿಯವರು ನಗ್ತಾರೆ’ ಎಂದ. ಈ ಮಾತಿಗೆ ನನಗೆ ಸಿಟ್ಟು ಬರಬೇಕಿತ್ತು. ನನಗೆ ಸಂತೋಷವಾಯಿತು. ಮುಕಾದಮನ ವೇಷ ಹಾಕೋಣ ಎಂದವನೂ ನಾನೇ. ಅದನ್ನು ನಿರ್ದೇಶಕನ ತಲೆಗೆ ಕಟ್ಟುವಂತಿಲ್ಲ.

ಬೀದರ ಸೀಮೆಯಲ್ಲಿ ಅದು ಸತತ ಎರಡನೆಯ ಬರದ ವರ್ಷ. ಹೊಲದ ಕೂಲಿ ನಿಂತಿತ್ತು. ಊರಿಗೆ ವಾರಕ್ಕೊಮ್ಮೆ ನೀರಿನ ಟ್ಯಾಂಕರ್ ಬರುತ್ತಿತ್ತು. ಜನ ಪುಣೆ, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಿದ್ದರು. ಹಾಗೆ ಹೋಗುವವರನ್ನು ಕಲೆಹಾಕಿ ಲಾರಿ ಹತ್ತಿಸುವವನೇ ಮುಕಾದಮ. ನಾನು ಚಿಕ್ಕವನಿದ್ದಾಗ ಕಮಠಾಣದ ನಮ್ಮ ಮನೆಯ ಕಟ್ಟೆಯ ಮೇಲೂ ಒಬ್ಬ ಮುಕಾದಮ ಬಂದು ಕೂತಿದ್ದ. ಅವ್ವನ ಕೈಗೆ ಎಲೆ, ಅಡಿಕೆ ಕೊಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಅಲ್ಲಿಗೆ ಮಾತು ಮುಗಿಯಿತು. ಎಲೆ ಹಿಡಿದ ಮೇಲೆ ಬೇರೆ ಮುಕಾದಮ ಎಷ್ಟೇ ಆಸೆ ತೋರಿಸಿದರೂ ಅವನ ಹಿಂದೆ ಹೋಗುವಂತಿಲ್ಲ. ಕಾಗದ ಪತ್ರ ಒಂದೂ ಇರಲಿಲ್ಲ, ಯಾರೂ ತಪ್ಪುತ್ತಿರಲಿಲ್ಲ.

ಈ ಎಲೆಯ ಸಂಗತಿಯನ್ನು ನಾನು ನಿರ್ದೇಶಕನಿಗೆ ವಿವರಿಸಿದೆ. ‘ಇದರಲ್ಲಿ ನಗು ಎಲ್ಲಿದೆ?’ ಎಂದು ಕೇಳಿದ.

‘ನಗು ಇಲ್ಲ. ಆದರೆ ಇದಿದ್ದರೆ ಅವರು ಕಣ್ಣು ಮುಚ್ಚಿಕೊಂಡು ನಂಬ್ತಾರೆ’ ಎಂದೆ.

ಬೀದರದಲ್ಲಿ ನಾನು ಮೈಲೂರಿನ ಅಕ್ಕನ ಮನೆಯಲ್ಲಿ ಇಳಿದುಕೊಂಡೆ. ಬೆಳಿಗ್ಗೆ ಅವಳ ಕನ್ನಡಿಯ ಮುಂದೆಯೇ ವೇಷ ಹಾಕಿಕೊಂಡೆ. ಬಿಳಿ ಪಾಯಿಜಾಮ, ಉದ್ದ ಅಂಗಿ, ಗಾಂಧಿ ಟೋಪಿ, ಹೆಗಲಿಗೆ ಟವೆಲ್, ಎದೆಯ ಕಿಸೆಯಲ್ಲಿ ಕೆಂಪು ರಟ್ಟಿನ ಡೈರಿ. ಮೈಕನ್ನು ಅಂಗಿಯ ಎರಡನೆಯ ಗುಂಡಿಯ ಹಿಂದೆ ಸಿಕ್ಕಿಸಿ, ಅದರ ಡಬ್ಬಿಯನ್ನು ಸೊಂಟಕ್ಕೆ ಕಟ್ಟಿದೆ. ಮೀಸೆ ಅಂಟಿಸಿದ ಮೇಲೆ ಅಕ್ಕ ಬಾಗಿಲಲ್ಲಿ ನಿಂತು ನೋಡಿ, ‘ಅಯ್ಯ ನಮ್ಮಪ್ಪಾ! ಖರೇನ ಮುಕಾದಮ ಬಂದಂಗ ಆಗ್ಯಾದ. ನೋಡಿದರ ಅಂಜಿಕಿ ಬರ್ತದ’ ಎಂದಳು. ನಾನು ಉಬ್ಬಿಹೋದೆ.

ಭಾಲ್ಕಿಯಲ್ಲಿ ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ಒಂದು ಬೇವಿನ ಮರದ ಕೆಳಗೆ ಮೇಜು, ಎರಡು ಕುರ್ಚಿ ಹಾಕಿದೆವು. ಒಂದು ಕ್ಯಾಮೆರಾ ಎದುರಿಗೆ ನಿಂತ ವ್ಯಾನಿನ ಪರದೆಯ ಹಿಂದೆ, ಇನ್ನೊಂದು ಪಕ್ಕದ ಚಹಾದಂಗಡಿಯ ಬಿಸ್ಕೀಟಿನ ಬರಣಿಗಳ ಹಿಂದೆ. ಅಂಗಡಿಯ ಮುದುಕನನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವನಿಗೆ ನಾವು ಸೀರಿಯಲ್ ಶೂಟಿಂಗ್ ಎಂದಷ್ಟೇ ಹೇಳಿದ್ದೆವು. ವ್ಯಾನಿನಿಂದ ನನಗೆ ಹಾರ್ನಿನ ಸನ್ನೆ: ಒಂದು ಸಲ ಹೊಡೆದರೆ ಮುಂದುವರಿಸು, ಎರಡು ಸಲ ಹೊಡೆದರೆ ಗುಟ್ಟು ಬಿಡು, ಅಂದರೆ ಕ್ಯಾಮೆರಾ ತೋರಿಸು, ಮೂರು ಸಲ ಹೊಡೆದರೆ ನಿಲ್ಲಿಸು.

ಟಿ.ವಿ.ಯಲ್ಲಿ ತೋರಿಸಲು ಜನರ ಒಪ್ಪಿಗೆಯ ಕಾಗದಕ್ಕೆ ಸಹಿಯನ್ನು ಗುಟ್ಟು ಬಿಟ್ಟ ಮೇಲೆ ಕೇಳುವುದು ನಮ್ಮ ಪದ್ಧತಿ. ಅವತ್ತು ನಿರ್ದೇಶಕ, ‘ಹೇಗಿದ್ರೂ ಹೆಸರು ಬರ್ಕೋತೀರಲ್ಲ, ಅದರ ಜೊತೆಗೇ ಹೆಬ್ಬೆಟ್ಟು ಹಾಕಿಸಿಬಿಡಿ, ಆಮೇಲೆ ಓಡಾಟ ತಪ್ಪುತ್ತೆ’ ಎಂದ. ನಾನು ಹೂಂ ಎಂದೆ.

ಮೊದಲ ಒಂದು ತಾಸು ಎಲ್ಲ ಲೆಕ್ಕದ ಪ್ರಕಾರವೇ ನಡೆಯಿತು. ನನ್ನ ಮೆಟ್ಟಿಲುಗಳು ಇವು. ಪುಣೆಯ ದೊಡ್ಡ ಸಾಹುಕಾರರ ಬಂಗಲೆಯಲ್ಲಿ ಕೆಲಸ. ನಾಯಿಗಳಿಗೆ ದಿನಾ ಎರಡು ಸಲ ಸಾಬೂನು ಹಚ್ಚಿ ಸ್ನಾನ ಮಾಡಿಸಬೇಕು. ಮಧ್ಯಾಹ್ನ ಅವುಗಳಿಗೆ ಜೋಗುಳ ಹಾಡಿ ಮಲಗಿಸಬೇಕು, ಈಗ ಇಲ್ಲಿಯೇ ಹಾಡಿ ತೋರಿಸಬೇಕು. ಒಬ್ಬ ತರುಣ ಎರಡನೆಯ ಮೆಟ್ಟಿಲಿಗೇ, ‘ಏ ಕಾಕಾ, ಮುಂಜಾನೆನ ಹಾಕ್ಕೊಂಡು ಬಂದೀರೇನು?’ ಎಂದು ಎದ್ದ. ಕ್ಯಾಮೆರಾ ತೋರಿಸಿದಾಗ ನೆಲಕ್ಕೆ ಕೂತು ನಕ್ಕ. ಅಂಥವರು ಮೂರು ನಾಲ್ಕು ಮಂದಿ ಸಿಕ್ಕರು. ಬಿಸಿಲಿಗೆ ಮೀಸೆಯ ಅಂಟು ಕರಗಿ ಒಂದು ಕಡೆ ಜಾರುತ್ತಿತ್ತು, ನಾನು ತುಟಿ ಬಿಗಿಹಿಡಿದು ಮಾತಾಡುತ್ತಿದ್ದೆ. ಅದೂ ಒಂದು ಠೀವಿಯಾಗಿ ಒದಗಿಬಂತು.

ಆಗ ಹತ್ತಿರದ ಭಾತಂಬ್ರಾ ಊರಿನ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು, ಹಣೆಯ ಕುಂಕುಮ ಬೆವರಿಗೆ ಅಳಿಸಿಹೋಗಿತ್ತು, ಕೊರಳಲ್ಲಿ ಕರಿಮಣಿ. ಹಿಂದೆ ಗಂಡ, ಮದುವೆಯ ವಯಸ್ಸಿಗೆ ಬಂದ ಮಗಳು, ಗಂಡನ ತಮ್ಮ, ಓಣಿಯ ಇನ್ನಷ್ಟು ಜನ, ಒಟ್ಟು ಹತ್ತು ಮಂದಿ. ಮಾತೆಲ್ಲ ಅವಳದೇ.

‘ಹತ್ತು ಮಂದಿ ಇದ್ದೇವ್ರಿ. ಕೂಡೇ ಇಡಬೇಕು, ಬ್ಯಾರೆ ಬ್ಯಾರೆ ಕಡಿ ಹಾಕಬಾರದು. ಕೆಲಸ ಏನು?’ ಎಂದಳು.

ನಾನು ನಾಯಿ ತೊಳೆಯುವ ಕೆಲಸ ಹೇಳಿದೆ.

‘ದಿನಾ ಎರಡ ಸಲ? ಅಷ್ಟು ನೀರು ಎಲ್ಲಿಂದ ಹೊತ್ತು ತರಬೇಕ್ರಿ?’

‘ಹೊರೋದೇನ್ ಇಲ್ಲವ್ವಾ. ನಳದಾಗ ಬರ್ತದ. ಹಗಲೂ ರಾತ್ರಿ.’

ಇದು ನಗಿಸಲು ಬರೆದ ಮಾತು. ಅವಳು ಹಿಂದಕ್ಕೆ ತಿರುಗಿ, ‘ಕೇಳಿದಿರೇನ್ರೆ? ನಳದಾಗ ನೀರು ಬರ್ತದಂತ’ ಎಂದಳು. ಹಿಂದಿನವರ ಮುಖ ಅರಳಿತು. ನನ್ನ ಮೂವತ್ತು ಸೆಕೆಂಡಿನ ಚುಟುಕು ಅವರಿಗೆ ಆ ವರ್ಷದ ಒಳ್ಳೆಯ ಸುದ್ದಿಯಾಗಿತ್ತು. ಅಲ್ಲಿಗೇ ನಿಲ್ಲಿಸಬೇಕು ಎನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ವ್ಯಾನಿನಿಂದ ಒಂದು ಹಾರ್ನ್ ಬಂತು.

ಅವಳು ಮತ್ತೆ ಕೇಳಿದಳು: ‘ಜಡ್ಡಾದರ ದವಾಖಾನಿಗಿ ಒಯ್ತೀರೇನು? ಸತ್ತರ ಊರಿಗಿ ತಂದು ಮುಟ್ಟಸ್ತೀರೇನು? ಹೋದ ವರ್ಷ ನಮ್ಮ ಓಣಿಯಾಂವ ಅಲ್ಲೇ ಹ್ವಾದ, ಮಣ್ಣಿಗೂ ಸಿಗಲಿಲ್ಲ.’

ಯಾವ ಬರವಣಿಗೆಗಾರನೂ ಇದಕ್ಕೆ ಉತ್ತರ ಬರೆದುಕೊಟ್ಟಿರಲಿಲ್ಲ. ‘ಎಲ್ಲಾ ಮಾಡ್ತೇವಿ’ ಎಂದೆ. ಮುಕಾದಮರು ಹೇಳುವುದೂ ಅದನ್ನೇ. ಆಮೇಲೆ ಟವೆಲನ್ನು ಸುರುಳಿ ಸುತ್ತಿ ಮೇಜಿನ ಮೇಲಿಟ್ಟು, ‘ಇದು ನಾಯಿ ಅಂತ ತಿಳಕೋ. ಜೋಗುಳ ಹಾಡಿ ಮಲಗಸು’ ಎಂದೆ.

ಮಗಳು ಕಿಸಕ್ಕನೆ ನಕ್ಕಳು. ಗಂಡ ಮುಖ ಆ ಕಡೆ ಮಾಡಿದ. ಅವಳು ಇಬ್ಬರನ್ನೂ ಗದರಿದಳು: ‘ನಗಬ್ಯಾಡ್ರಿ. ಕೆಲಸ ಅಂದ್ರ ಕೆಲಸ.’ ಸೆರಗು ಸರಿಮಾಡಿಕೊಂಡು, ಆ ಟವೆಲನ್ನು ಎತ್ತಿ ತೋಳಿನಲ್ಲಿಟ್ಟುಕೊಂಡು ಹಾಡಿದಳು. ತಮಾಷೆಗೆ ಹಾಡಲಿಲ್ಲ. ಕಣ್ಣು ಮುಚ್ಚಿ, ತೂಗಿ, ನಿಧಾನವಾಗಿ ಹಾಡಿದಳು. ದಾರಿಯಲ್ಲಿ ಹೋಗುವವರು ನಿಂತರು. ನನಗೆ ಮೂರನೆಯ ಮೆಟ್ಟಿಲಿಗೆ ಬೇಕಿದ್ದುದು ಸಿಟ್ಟು. ಅವಳಿಗೆ ಸಿಟ್ಟೇ ಬರಲಿಲ್ಲ. ಹಾಡು ಮುಗಿಸಿ, ‘ನಡೀತದೇನ್ರಿ?’ ಎಂದು ಕೇಳಿದಳು.

ಹತ್ತು ಹೆಸರು ಬರೆದುಕೊಂಡೆ. ಏನೆಂದು ಹೇಳದೆ ಮುಂದಿಟ್ಟ ಒಪ್ಪಿಗೆಯ ಕಾಗದಕ್ಕೂ ಹತ್ತು ಹೆಬ್ಬೆಟ್ಟು ಬಿದ್ದವು. ಎಲೆ, ಅಡಿಕೆ ಕೊಟ್ಟೆ. ಅವಳು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಇನ್ನೇನು ಎರಡು ಹಾರ್ನ್ ಬರಬೇಕು ಎಂದು ಕಾಯುತ್ತಿದ್ದೆ. ಮೂರು ಬಂದವು.

ಮೂತ್ರಕ್ಕೆ ಹೋಗುವವನಂತೆ ವ್ಯಾನಿನ ಹಿಂದೆ ಹೋದೆ. ಒಳಗಿನ ಸೆಕೆಗೆ ದೊಡ್ಡ ಕ್ಯಾಮೆರಾ ಕಾದು ತಾನಾಗಿಯೇ ಆರಿತ್ತು. ಚಹಾದಂಗಡಿಯ ಕ್ಯಾಮೆರಾದ ಟೇಪ್ ಮುಗಿದಿತ್ತು. ನಿರ್ದೇಶಕ ಬೆವರು ಒರೆಸಿಕೊಳ್ಳುತ್ತ, ‘ಹಾಡು ಪೂರ್ತಿ ಸಿಕ್ಕಿದೆ, ಬಂಗಾರದಂಥ ಹಾಡು. ಗುಟ್ಟು ಬಿಡೋದು ನಾಳೆ ತೆಗೆಯೋಣ. ಗಂಟುಮೂಟೆ ಕಟ್ಕೊಂಡು ಬರೋಕೆ ಹೇಳಿ, ಇನ್ನೂ ಚೆನ್ನಾಗಿರುತ್ತೆ’ ಎಂದ.

ಅಲ್ಲಿಂದ ಮೇಜಿಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲಿ ನಾನು ಮನಸ್ಸು ಮಾಡಬಹುದಿತ್ತು. ‘ಅವ್ವಾ, ಇದೆಲ್ಲಾ ತಮಾಷಾ ಅದ, ಮನಿಗಿ ಹೋಗ್ರಿ’ ಎನ್ನಲು ಎಷ್ಟು ಹೊತ್ತು ಬೇಕು? ಒಂದು ದಿನದ ಮಾತು ತಾನೇ ಎಂದುಕೊಂಡೆ. ನಾಳೆ ನಗಿಸಿ, ಊಟ ಹಾಕಿಸಿ ಕಳಿಸಿದರಾಯಿತು ಎಂದುಕೊಂಡೆ. ಮುಕಾದಮನ ದನಿಯಲ್ಲೇ ಹೇಳಿದೆ: ‘ನಾಳಿ ಹತ್ತಕ್ಕ ಸಾಮಾನು ಕಟ್ಕೊಂಡು ಬರ್ರಿ. ಗಾಡಿ ತಯಾರ್ ಇರ್ತದ.’

ಮರುದಿನ ಅವರು ಹತ್ತಕ್ಕೆ ಬರಲಿಲ್ಲ, ಎಂಟಕ್ಕೇ ಬಂದು ಕೂತಿದ್ದರು. ಬೇವಿನ ನೆರಳಲ್ಲಿ ಗಂಟುಗಳು, ಸುತ್ತಿದ ಚಾಪೆ, ಪಾತ್ರೆಯ ಚೀಲ, ಕಾಲು ಕಟ್ಟಿದ ಎರಡು ಕೋಳಿ. ನಾನು ಚಹಾದಂಗಡಿಯ ಹಿಂದೆ ಕೂತು ಮೀಸೆಗೆ ಹೊಸ ಅಂಟು ಹಚ್ಚುತ್ತಿದ್ದೆ. ಚಾಚಾ ಅಲ್ಲಿಗೆ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ.

‘ಭಾಯಿ, ಒಂದು ಮಾತು ಕೇಳ್ತೇನಿ. ನಿಂದು ಗಾಡಿ ಖರೇನ ಬರ್ತದೇನು?’

‘ಇಲ್ಲ ಚಾಚಾ. ಶೂಟಿಂಗ್ ಇದು.’

‘ಇವರಿಗಿ ಗೊತ್ತದೇನು?’

ನಾನು ಮೀಸೆಗೆ ಇನ್ನಷ್ಟು ಅಂಟು ಹಚ್ಚತೊಡಗಿದೆ.

ಚಾಚಾ ಹೇಳಿದ: ‘ನಿನ್ನೆ ಸಂಜಿಮುಂದ ಭಾತಂಬ್ರಾಕ್ಕ ಔರಾದದ ಮುಕಾದಮ ಗಾಡಿ ತಗೊಂಡು ಬಂದಿದ್ದನಂತ. ಪುಣೆದಾಗ ಪಕ್ಕಾ ಕೆಲಸ, ಹತ್ತೂ ಮಂದಿನ ಕರದಾನ. ಆ ಹೆಣ್ಮಗಳು ಏನಂದಳು ಗೊತ್ತೇನು? ನಾವು ಬ್ಯಾರೆಯವರ ಎಲಿ ಹಿಡದೀವಿ, ಬರಾಂಗಿಲ್ಲ ಅಂದಳಂತ. ಗಾಡಿ ಹೊಂಟ್ಹೋತು. ಯಾ ಅಲ್ಲಾ, ಇದೆಂಥಾ ತಮಾಷಾ ಮಾಡೀರಿ ನೀವು?’

ಕೈಯಲ್ಲಿದ್ದ ಮೀಸೆಯನ್ನು ಕೆಳಗಿಟ್ಟೆ. ಆ ಎಲೆಯನ್ನು ಹುಡುಕಿ ತಂದವನು ನಾನು. ನಗು ಇಲ್ಲದಿದ್ದರೂ ಇರಲಿ, ನಂಬುತ್ತಾರೆ ಎಂದವನು ನಾನು. ಬೇರೆ ಊರಿನ ನಟ ಯಾರಾದರೂ ಆಗಿದ್ದರೆ ಅವನಿಗೆ ಇದು ಹೊಳೆಯುತ್ತಲೇ ಇರಲಿಲ್ಲ, ಈ ಹತ್ತು ಮಂದಿ ಆ ಹೊತ್ತಿಗೆ ಪುಣೆಯ ಲಾರಿಯಲ್ಲಿ ಕೂತಿರುತ್ತಿದ್ದರು.

ಮೀಸೆ ಇಲ್ಲದೆ, ಟೋಪಿ ತೆಗೆದು ಹೊರಗೆ ಬಂದೆ. ವ್ಯಾನಿನ ಹಾರ್ನ್ ಹೊಡೆದುಕೊಳ್ಳುತ್ತಲೇ ಇತ್ತು. ಮೇಜಿನ ಹತ್ತಿರ ಹೋಗಿ, ‘ಅವ್ವಾ, ನಾ ಮುಕಾದಮ ಅಲ್ಲ. ಟಿ.ವ್ಯಾಗ ನಗಸಾಂವ. ಅಗೋ ಆ ಗಾಡಿಯಾಗ ಕ್ಯಾಮೆರಾ ಅದ’ ಎಂದೆ. ಹತ್ತೂ ಮಂದಿ ವ್ಯಾನಿನ ಕಡೆ ನೋಡಿದರು. ಯಾರೂ ನಗಲಿಲ್ಲ.

ಅವಳು ಎದ್ದು ನಿಂತು ಗಂಟಿಗೆ ಕೈ ಹಾಕಿ, ‘ಆ ಗಾಡಿಯಾಗ ಹೋಗೋದೇನ್ರಿ?’ ಎಂದಳು.

ಎರಡನೆಯ ಸಲ ಹೇಳಬೇಕಾಯಿತು. ಕೆಲಸವಿಲ್ಲ, ಪುಣೆಯಿಲ್ಲ, ನಳವಿಲ್ಲ ಎಂದು ಒಂದೊಂದನ್ನೇ ಬಿಡಿಸಿ ಹೇಳಬೇಕಾಯಿತು. ಗಂಡ ನನ್ನ ಅಂಗಿಯ ಕೊರಳಪಟ್ಟಿ ಹಿಡಿದ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವಳು ಅವನ ಕೈ ಬಿಡಿಸಿ, ‘ಹೊಡದರ ಗಾಡಿ ತಿರುಗಿ ಬರ್ತದೇನು?’ ಎಂದಳು. ನಿರ್ದೇಶಕ ಇಳಿದು ಬಂದು, ‘ಏನ್ ಸಾರ್, ಎಲ್ಲ ಹಾಳು ಮಾಡಿಬಿಟ್ರಿ’ ಎಂದು ಕಿರುಚಿದ. ಇವರನ್ನು ಔರಾದಕ್ಕೆ ಮುಟ್ಟಿಸಲು ವ್ಯಾನು ಕೇಳಿದೆ, ಕೊಡಲಿಲ್ಲ. ಸಾಮಾನು ಹೇರಿಕೊಂಡು ಬೀದರಕ್ಕೆ ಹೊರಟೇಬಿಟ್ಟ.

ಔರಾದದಲ್ಲಿ ಆ ಮುಕಾದಮನ ಲಾರಿ ಮಧ್ಯಾಹ್ನದವರೆಗೆ ನಿಂತು ಇನ್ನಷ್ಟು ಜನರನ್ನು ತುಂಬಿಕೊಳ್ಳುತ್ತದೆ ಎಂದು ಚಾಚಾ ಹೇಳಿದ. ಅವನ ಅಳಿಯನ ಜೀಪು ಬಂತು. ಹನ್ನೊಂದು ಜನ, ಗಂಟು, ಕೋಳಿ ಎಲ್ಲ ಅದರಲ್ಲೇ. ದಾರಿಯುದ್ದಕ್ಕೂ ಮುಕಾದಮನ ಬಿಳಿ ಬಟ್ಟೆಯಲ್ಲಿ ನಾನು ಅವರ ಮಧ್ಯೆ ಮುದುಡಿ ಕೂತಿದ್ದೆ.

ಲಾರಿ ಇತ್ತು. ಔರಾದದ ಮುಕಾದಮ ಪ್ಯಾಂಟು ಹಾಕಿದ್ದ, ಟೋಪಿಯಿಲ್ಲ, ಕೈಯಲ್ಲಿ ಮೊಬೈಲು. ನಾನು ಕಟ್ಟಿಕೊಂಡ ವೇಷದ ಒಂದು ಅಂಶವೂ ಅವನಲ್ಲಿರಲಿಲ್ಲ. ಎಲೆಯ ಮಾತು ಬಂದಾಗ ಮಾತ್ರ ಅವನು ಕಟ್ಟುನಿಟ್ಟು: ‘ಒಬ್ಬರ ಎಲಿ ಹಿಡದ ಮಂದಿನ್ನ ನಾ ಒಯ್ಯಾಂಗಿಲ್ರಿ. ನಾಳಿ ಜಗಳ ನನ್ನ ಕೊಳ್ಳಿಗಿ ಬೀಳ್ತದ. ಕೊಟ್ಟಾಂವ ಎಲ್ಲಿದ್ದಾನ? ಅಂವ ನಾಕ ಮಂದಿ ಮುಂದ ತಿರುಗಿ ತಗೋಬೇಕು.’

‘ಕೊಟ್ಟಾಂವ ನಾನೇರಿ’ ಎಂದೆ.

‘ನೀವು ಯಾವ ಊರ ಮುಕಾದಮರು?’

‘ಮುಕಾದಮ ಅಲ್ರಿ. ಆ್ಯಕ್ಟರ್. ನಗಸಾಕ ಮಾಡಿದ್ದು.’

ಲಾರಿಯೊಳಗಿಂದ ಜನ ಬಗ್ಗಿ ನೋಡುತ್ತಿದ್ದರು. ಮುಕಾದಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಮ್ಮದೇ ಧಂದಾ ಕೆಟ್ಟದ್ದು ಅಂತ ತಿಳದಿದ್ದೆ’ ಎಂದ. ಅವಳು ಸೆರಗಿನ ಗಂಟು ಬಿಚ್ಚಿ ಬಾಡಿದ ಎಲೆಯನ್ನು ನನ್ನ ಅಂಗೈಯಲ್ಲಿಟ್ಟಳು. ನಾನು ಕತ್ತೆತ್ತದೆ ತೆಗೆದುಕೊಂಡೆ.

ಜಾಗ ಆರು ಮಂದಿಗೆ ಮಾತ್ರ ಇತ್ತು. ನಾನು ಕೈ ಮುಗಿದೆ, ಗೋಗರೆದೆ. ‘ಮಳಿ ಇಲ್ದ ವರ್ಷ ಮಂದಿಗಿ ಬರ ಏನ್ರಿ? ಆರಂದ್ರ ಆರು’ ಎಂದ ಅವನು. ಅವಳು ಲೆಕ್ಕ ಹಾಕಲು ಹೊತ್ತು ತೆಗೆದುಕೊಳ್ಳಲಿಲ್ಲ. ಓಣಿಯವರಾದ ಆರು ಮಂದಿಯನ್ನು ಹತ್ತಿಸಿದಳು. ಉಳಿದದ್ದು ಅವಳು, ಗಂಡ, ಮಗಳು, ಗಂಡನ ತಮ್ಮ.

ಗಂಡ, ‘ನಮ್ಮನಿಯವರೇ ಯಾಕ ಉಳೀಬೇಕು?’ ಎಂದು ಕೇಳಿದ.

‘ಎಲಿ ಹಿಡದಾಕಿ ನಾನಲ್ಲೇನು?’ ಎಂದಳು.

ಬೆಂಗಳೂರಿಗೆ ಬನ್ನಿ, ಶೂಟಿಂಗಿನಲ್ಲಿ ಏನಾದರೂ ಕೆಲಸ ಕೊಡಿಸುತ್ತೇನೆ ಎಂದೆ. ‘ನಿಮ್ಮ ಕೆಲಸ ಬ್ಯಾಡ್ರಿ’ ಎಂದಳು. ಸಿಟ್ಟಿನಿಂದಲ್ಲ. ಆಮೇಲೆ ಮಗಳು ದೂರ ಹೋಗುವವರೆಗೆ ಕಾದು, ಹತ್ತಿರ ಬಂದು ಹೇಳಿದಳು: ‘ಒಂದು ಮಾತು ನಡಸಿಕೊಡ್ರಿ. ನಾ ಹಾಡಿದ್ದು ಟಿ.ವ್ಯಾಗ ತೋರಸಬ್ಯಾಡ್ರಿ. ನಾಯಿಗಿ ಹಾಡಿದಾಕಿ ಅಂತ ಹೆಸರು ಬೀಳ್ತದ. ಮಗಳ ಲಗ್ನ ಮಾಡೋದದ.’

‘ನಮ್ಮವ್ವನ ಆಣಿ, ತೋರಸಾಂಗಿಲ್ಲ’ ಎಂದೆ.

ಬೆಂಗಳೂರಿಗೆ ಬಂದು ನಿರ್ದೇಶಕನನ್ನು ಕಂಡೆ. ವಾಹಿನಿಯವರನ್ನು ಕೇಳಿ ಎಂದ. ವಾಹಿನಿಯ ಕಚೇರಿಯಲ್ಲಿ ಒಬ್ಬರು ಕಡತದಿಂದ ಹೆಬ್ಬೆಟ್ಟಿನ ಕಾಗದ ತೆಗೆದು ತೋರಿಸಿದರು. ‘ಒಪ್ಪಿಗೆ ಇದೆಯಲ್ಲ ಸಾರ್. ಆ ಹಾಡೇ ಈ ಕಂತಿನ ಜೀವ’ ಎಂದರು. ಆಮೇಲೆ ಬಹಳ ಸೌಜನ್ಯದಿಂದ, ಮುಂದಿನ ಕಾರ್ಯಕ್ರಮಕ್ಕೆ ನಿಮ್ಮನ್ನೇ ಯೋಚಿಸಿದ್ದೇವೆ, ಯಾಕೆ ಕೆಡಿಸಿಕೊಳ್ಳುತ್ತೀರಿ ಎಂದರು. ಆ ಹೆಬ್ಬೆಟ್ಟನ್ನು ಹೇಗೆ ಹಾಕಿಸಿದೆವು ಎಂದು ನಾನು ಬಾಯಿ ಬಿಟ್ಟು ಹೇಳಿದ್ದರೆ ಸಾಕಿತ್ತು. ಬರೆದು ಕೊಟ್ಟಿದ್ದರೆ ಅವರು ಹೆದರುತ್ತಿದ್ದರು. ಕೊಟ್ಟ ಚಹಾ ಕುಡಿದು ಎದ್ದು ಬಂದೆ. ಕೇಳಿದವರಿಗೆ ಇಷ್ಟು ವರ್ಷ ಔರಾದದವರೆಗಿನ ಕಥೆ ಹೇಳಿ, ಮೀಸೆ ಬಿಟ್ಟು ಹೊರಗೆ ಬಂದೆ ಎನ್ನುವಲ್ಲಿ ಬೆನ್ನು ತಟ್ಟಿಸಿಕೊಂಡಿದ್ದೇನೆ. ಈ ಚಹಾದ ಸಂಗತಿ ಯಾರಿಗೂ ಹೇಳಿರಲಿಲ್ಲ.

ಕಂತು ಒಂದು ಭಾನುವಾರ ಸಂಜೆ ಬಂತು. ನಾನು ಟಿ.ವಿ. ಹಾಕಲಿಲ್ಲ. ಮುಗಿಯುವುದೇ ತಡ, ಮೈಲೂರಿನಿಂದ ಅಕ್ಕನ ಫೋನ್. ಹಿಂದೆ ಅಕ್ಕಪಕ್ಕದವರ ಗದ್ದಲ ಕೇಳುತ್ತಿತ್ತು.

‘ಇಡೀ ಓಣಿ ಇಲ್ಲೇ ಕೂಡಿತ್ತಪ್ಪಾ! ನಕ್ಕು ನಕ್ಕು ಹೊಟ್ಟಿ ಹಿಡಕೊಂಡ್ರು. ಏನ್ ಛಲೋ ಮಾಡೀಯೋ ನೀ’ ಎಂದಳು. ಆಮೇಲೆ ದನಿ ಸ್ವಲ್ಪ ತಗ್ಗಿಸಿದಳು. ‘ಅಲ್ಲ ತಮ್ಮಾ, ಆ ಜೋಗುಳ ಹಾಡಿದಾಕಿ... ನಿಮ್ಮ ಕಂಪನಿಯಾಕಿಯೋ, ಖರೇನ ದುಡಿಯಾಕ ಹೊಂಟಾಕಿಯೋ? ಯಾಕೋ ನಮ್ಮವ್ವ ನೆನಪಾದಳು.’

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

‘ನಮ್ಮ ಕಂಪನಿಯಾಕಿನೇ ಅಕ್ಕಾ. ಆ್ಯಕ್ಟಿಂಗ್ ಅದು’ ಎಂದೆ.

‘ಹಂಗಾರ ಸರಿ ಬಿಡು. ನಾ ಸುಮ್ಮ ಸಂಕಟ ಮಾಡ್ಕೊಂಡೆ’ ಎಂದಳು ಅಕ್ಕ. ಪಕ್ಕದವರಿಗೂ ಕೂಗಿ ಹೇಳಿದಳು. ಅವರೆಲ್ಲ ಮತ್ತೆ ನಕ್ಕರು.